ಆಲ್ಬಂನ ಕೊನೆಯ ಹಾಳೆಯ ಹುಡುಗಿ

ಕೂದಲು ಕಮರಿದ ವಾಸನೆಗೆ ತಿರುಗಿ ನೋಡಿದೆ. ಹೋದ ತಿಂಗಳು, ತುಮಕೂರಿನ ಬಿ.ಎಚ್. ರಸ್ತೆಯ ಸಲೂನೊಂದರಲ್ಲಿ. ಪಕ್ಕದ ಕುರ್ಚಿಯ ಹುಡುಗಿ ಮೊಬೈಲಿನಲ್ಲಿ ಯಾವುದೋ ನಾಯಕಿಯ ಫೋಟೊ ತೋರಿಸಿ ನನಗೂ ಹೀಗೇ ಬೇಕು ಅಂದಿದ್ದಳು. ಕೆಲಸದವಳು ಅವಳ ಮುಖವನ್ನು ಸರಿಯಾಗಿ ನೋಡಲೂ ಇಲ್ಲ, ಆಯ್ತು ಮೇಡಂ ಅಂದು ಬಿಸಿ ಸ್ಟ್ರೈಟ್ನರ್ ಹಿಡಿದುಬಿಟ್ಟಳು. ಆ ವಾಸನೆಯ ಜೊತೆಗೇ ಉಪ್ಪಾರಹಳ್ಳಿಯ ಪಾರ್ಲರ್ ಆಂಟಿ ನೆನಪಾದರು... ಅವರಾಗಿದ್ದರೆ ಮೊದಲು ಮುಖ ನೋಡುತ್ತಿದ್ದರು.

ಆಗ ನಾನು ಡಿಗ್ರಿ ಮೊದಲ ವರ್ಷ. ಗುಬ್ಬಿಯಿಂದ ತುಮಕೂರಿಗೆ ಬಂದು ಉಪ್ಪಾರಹಳ್ಳಿ ಬಡಾವಣೆಗೆ ಹೊಸಬರಾಗಿದ್ದೆವು. ಎರಡು ರಸ್ತೆ ಆಚೆ, ಮನೆಯ ಮುಂದಿನ ಕೋಣೆಯಲ್ಲೇ ಒಂದು ಕನ್ನಡಿ, ಒಂದು ಕುರ್ಚಿ ಹಾಕಿಕೊಂಡು ಆಂಟಿ ಪಾರ್ಲರ್ ನಡೆಸುತ್ತಿದ್ದರು. ಪತ್ರಿಕೆಗಳಿಂದ ನಾಯಕಿಯರ ಫೋಟೊ ಕತ್ತರಿಸಿ, ಉದ್ದನೆಯ ನೋಟ್‌ಬುಕ್ಕಿಗೆ ಅಂಟಿಸಿ ಆಲ್ಬಂ ಮಾಡಿದ್ದರು. ಯಾರಾದರೂ ಒಂದರ ಮೇಲೆ ಬೆರಳಿಟ್ಟರೆ ಹೆಬ್ಬೆರಳಿನಿಂದ ಆ ನಾಯಕಿಯ ಮುಖ ಮುಚ್ಚಿಬಿಡುತ್ತಿದ್ದರು.

"ಈಗ ಬರೀ ಕೂದ್ಲು ನೋಡು. ಇನ್ನೂ ಇಷ್ಟ ಆದ್ರೆ ಹೇಳು," ಅನ್ನುತ್ತಿದ್ದರು. ಅರ್ಧಕ್ಕರ್ಧ ಮಂದಿ ಅಲ್ಲೇ ಮನಸ್ಸು ಬದಲಿಸುತ್ತಿದ್ದರು.

ನಾನು ಆರಿಸಿದ್ದು ಗಲ್ಲದವರೆಗೆ ನೇರವಾಗಿ ಇಳಿಬಿದ್ದ ಕಟಿಂಗ್. ಆಂಟಿ ನನ್ನ ಕೆನ್ನೆಯ ಮೇಲೆ ಬೆರಳಾಡಿಸಿ, ಅವಳದು ಉದ್ದ ಮುಖ, ನಿನ್ನದು ದುಂಡು, ನಿನ್ನ ಗುಂಗುರು ಕೂದಲು ಅಷ್ಟು ಗಿಡ್ಡ ಮಾಡಿದರೆ ಎದ್ದು ನಿಲ್ಲುತ್ತದೆ ಅಂದರು. ಬೇಸರದಿಂದ ಹಾಳೆ ತಿರುವುತ್ತಾ ಹೋದೆ. ಕೊನೆಯ ಹಾಳೆಯಲ್ಲಿ ನಾನು ಯಾವ ಸಿನಿಮಾದಲ್ಲೂ ಕಾಣದ ಒಬ್ಬ ಹುಡುಗಿ ಇದ್ದಳು. ಭುಜದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಕೂದಲು, ಹಣೆಯ ಒಂದು ಬದಿಗೆ ಓರೆಯಾಗಿ ಬಿದ್ದ ಎಳೆಗಳು. ಇವರು ಯಾವ ನಟಿ ಅಂತ ಕೇಳಿದೆ.

ನಟಿಯಲ್ಲ, ನಟಿಯನ್ನು ನೋಡಿ ಮಾಡಿಸಿಕೊಂಡವಳು ಅಂದರು ಆಂಟಿ. ಆಮೇಲೆ ಕನ್ನಡಿಯಲ್ಲಿ ನನ್ನನ್ನೇ ಬಹಳ ಹೊತ್ತು ನೋಡಿದರು.

"ನಿಂಗೆ ಅದೇ ಒಪ್ಪುತ್ತೆ ಕಣೇ."

ಆ ಫೋಟೊದ ಮುಖವನ್ನು ಮಾತ್ರ ಅವರು ಹೆಬ್ಬೆರಳಿನಿಂದ ಮುಚ್ಚಲಿಲ್ಲ. ಅದು ನನಗೆ ಹೊಳೆದದ್ದು ಎಷ್ಟೋ ವರ್ಷಗಳಾದ ಮೇಲೆ.

ನಿಜವಾಗಿಯೂ ಒಪ್ಪಿತು. ಕಾಲೇಜಿನಲ್ಲಿ ಎಲ್ಲರೂ ತಿರುಗಿ ನೋಡಿದರು. ನನ್ನ ದುಂಡು ಮುಖ ನನಗೇ ಚೆನ್ನಾಗಿ ಕಂಡದ್ದು ಅದೇ ಮೊದಲು. ತಿಂಗಳಿಗೊಮ್ಮೆ ಟ್ರಿಮ್ ಮಾಡಿಸಲು ಹೋಗುತ್ತಿದ್ದೆ. ಕತ್ತರಿಸುವುದು ಮುಗಿದರೂ ಆಂಟಿ ಬಾಚುತ್ತಲೇ ಇರುತ್ತಿದ್ದರು. ಪ್ರತಿ ಸಲವೂ ಒಪ್ಪುತ್ತೆ ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ಹಾಗೆ ಬಾಚಿಸಿಕೊಳ್ಳುತ್ತಿದ್ದಾಗ, ಕೊತ್ತಗೆರೆಯಿಂದ ಅವರ ಅತ್ತೆ ಬಂದರು. ಕಣ್ಣೂ ನೆನಪೂ ಮಂಜಾಗಿದ್ದ ಮುದುಕಿ. ಚೀಲ ಕೆಳಗಿಟ್ಟು, ಕನ್ನಡಿಯಲ್ಲಿ ನನ್ನನ್ನು ಕಂಡು ಅಲ್ಲೇ ನಿಂತುಬಿಟ್ಟರು.

"ಯಾವಾಗ್ ಬಂದ್ಯವ್ವಾ?" ಅಂದರು. "ಇವ್ಳು ನಂಗೆ ಹೇಳ್ಲೇ ಇಲ್ವಲ್ಲ."

ಆಂಟಿಯ ಬಾಚಣಿಗೆ ನನ್ನ ನೆತ್ತಿಯ ಮೇಲೆ ನಿಂತಿತು. "ಅವ್ಳಲ್ಲ ಅತ್ತೆ," ಅಂದರು ಮೆಲ್ಲಗೆ. ಮುದುಕಿ ಹತ್ತಿರ ಬಂದು ನನ್ನ ಕೂದಲು ಮುಟ್ಟಿ ನೋಡಿ, ಚೀಲ ಎತ್ತಿಕೊಂಡು ಒಳಗೆ ಹೋದರು.

ಫೋಟೊದಲ್ಲಿದ್ದದ್ದು ಆಂಟಿಯ ಮಗಳು. ತಾಯಿಗೆ ಹೇಳದೆ ಬೇರೆಲ್ಲೋ ಹೋಗಿ ಉದ್ದ ಜಡೆ ಕತ್ತರಿಸಿಕೊಂಡು ಬಂದಿದ್ದಳಂತೆ. ಎರಡು ವಾರ ತುಂಬುವುದರೊಳಗೆ ಜ್ವರ ಬಂದು ಹೋಗಿಬಿಟ್ಟಳಂತೆ. ನಾವು ಆ ಬಡಾವಣೆಗೆ ಬರುವ ಹಿಂದಿನ ವರ್ಷ.

"ಎಂಟ್ ದಿನ ಅವ್ಳನ್ನ ಮಾತಾಡ್ಸ್ಲಿಲ್ಲ ನಾನು," ಅಂದರು ಆಂಟಿ, ಕನ್ನಡಿಯಲ್ಲಿದ್ದ ನನಗೆ. "ಒಂಬತ್ನೇ ದಿನ ಜ್ವರ ಬಂತು. ಎಷ್ಟ್ ಚೆನ್ನಾಗ್ ಒಪ್ತಿತ್ತು ಗೊತ್ತಾ... ಒಂದ್ಸಲಾನೂ ಹೇಳ್ಲಿಲ್ಲ."

ನನಗೆ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ನನಗೆ ಅಂತ ಹೇಳಿದ್ದು ಅಂದುಕೊಂಡಿದ್ದ ಆ ಮಾತು ನನ್ನದಾಗಿರಲಿಲ್ಲ. ಮನೆಗೆ ಓಡಿಬಂದು ಕೂದಲನ್ನೆಲ್ಲ ಹಿಂದಕ್ಕೆಳೆದು ರಬ್ಬರ್ ಬ್ಯಾಂಡ್ ಹಾಕಿದೆ. ಆದರೂ ಮುಖ ತೊಳೆದು ಕನ್ನಡಿ ನೋಡುವಾಗಲೆಲ್ಲ ಅವಳೇ ಕಾಣುತ್ತಿದ್ದಳು. ಆ ರಸ್ತೆ ಬಿಟ್ಟು ಸುತ್ತು ದಾರಿಯಲ್ಲಿ ಕಾಲೇಜಿಗೆ ಹೋಗತೊಡಗಿದೆ. ಒಮ್ಮೆ ಬಸ್ ಸ್ಟಾಪಿನಲ್ಲಿ ಆಂಟಿ ಸಿಕ್ಕಿ, ಟ್ರಿಮ್ ಮಾಡಬೇಕಿತ್ತಲ್ಲ ಅಂದರು. ಪರೀಕ್ಷೆ ಇದೆ ಅಂತ ಸುಳ್ಳು ಹೇಳಿದೆ.

ರಜೆಯಲ್ಲಿ ಗುಬ್ಬಿಗೆ, ಚಿಕ್ಕಮ್ಮನ ಮನೆಗೆ ಹೋದಾಗ ಹುಡುಗರ ಹಾಗೆ ಪೂರ್ತಿ ಗಿಡ್ಡ ಕತ್ತರಿಸಿಕೊಂಡೆ. ಒಂಚೂರೂ ಒಪ್ಪಲಿಲ್ಲ. ಕನ್ನಡಿಯಿಂದ ಆ ಹುಡುಗಿ ಹೋಗಲಿ ಅಂತ ಮಾಡಿಸಿಕೊಂಡದ್ದು, ಒಪ್ಪುವ ಯೋಚನೆಯೇ ಇರಲಿಲ್ಲ. ವಾಪಸ್ ಬಂದ ಮರುದಿನವೇ ದಿನಸಿ ಅಂಗಡಿಯ ಮುಂದೆ ಆಂಟಿ ಎದುರಾದರು. ನನ್ನ ತಲೆಯನ್ನು ನೋಡಿದರು. ಅವರ ಕೈ ಮೇಲೆದ್ದು, ಅರ್ಧದಲ್ಲೇ ಕೆಳಗಿಳಿಯಿತು.

"ಚೆನ್ನಾಗಿದೆ ಕಣಮ್ಮ," ಅಂದರು. ಅಷ್ಟೇ ಅಂದು ಹೋದರು. ಹಿಂದೆ ಓಡಿ ಏನಾದರೂ ಹೇಳಬೇಕಿತ್ತು... ನಾನು ಅಂಗಡಿಯೊಳಗೆ ಹೋಗಿ ಸಕ್ಕರೆ ಕೇಳಿದೆ.

ಮರುವರ್ಷ ಪಾರ್ಲರ್ ಮುಚ್ಚಿತು. ಕೊತ್ತಗೆರೆಗೆ ಹೋದರಂತೆ ಅಂತ ಯಾರೋ ಅಂದರು. ಕುಣಿಗಲ್ ತಾಲ್ಲೂಕು ಏನು ದೂರ? ಆದರೂ ನಾನು ಒಮ್ಮೆಯೂ ಹೋಗಲಿಲ್ಲ.

ಮೊನ್ನೆ ಕುಣಿಗಲ್‌ಗೆ ಸಹೋದ್ಯೋಗಿಯ ಮದುವೆಗೆ ಹೋಗಿದ್ದೆ. ಊಟಕ್ಕೆ ಪಕ್ಕದಲ್ಲಿ ಕೂತವರು ಕೊತ್ತಗೆರೆಯವರು ಅಂತ ಗೊತ್ತಾಗಿ ವಿಚಾರಿಸಿದೆ. ಮುದುಕಿ ತೀರಿಹೋಗಿ ಬಹಳ ವರ್ಷವಾಯಿತಂತೆ. ಆಂಟಿ ಹೋದದ್ದು ಎರಡು ವರ್ಷದ ಹಿಂದೆ... ಅವರು ನಿಮಗೆ ಏನಾಗಬೇಕು ಅಂತ ಆಕೆ ಕೇಳಿದರು. ಕೂದಲು ಕತ್ತರಿಸಿಕೊಳ್ಳಲು ಹೋಗುತ್ತಿದ್ದೆ ಅಂದೆ.

ತುಮಕೂರಿಗೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಗಾಜಿನಲ್ಲಿ ಕಂಡ ಮುಖಕ್ಕೆ ಈಗ ಮೂವತ್ತೇಳು. ಆ ಹುಡುಗಿ ಹದಿನೆಂಟು ದಾಟಲೇ ಇಲ್ಲ. ದಾಟಿದ್ದರೆ ಹೀಗೇ ಕಾಣುತ್ತಿದ್ದಳೇನೋ... ನೋಡಿ ಹೌದು ಅನ್ನಬಲ್ಲವರು ಇನ್ನು ಯಾರೂ ಇಲ್ಲ.