ದೇವರ ಮುಂದಿಟ್ಟ ಚುರ್ಚ್‌ಖೇಲಾ

ಹೋದ ವರ್ಷದ ನವರಾತ್ರಿಯ ಶನಿವಾರ. ಅಮೆರಿಕದ ಈಸ್ಟ್‌ಗೇಟ್‌ನ ನಮ್ಮ ಮನೆಗೆ ನಾಲ್ಕಾರು ಮಕ್ಕಳನ್ನು ಮಧ್ಯಾಹ್ನದ ಊಟಕ್ಕೆ ಕರೆದಿದ್ದೆ. ಅವರಲ್ಲಿ ನನ್ನ ಗೆಳತಿ ಶ್ರುತಿಯ ಏಳು ವರ್ಷದ ಮಗಳು ಅನ್ವಿಯೂ ಇದ್ದಳು. ಅವಳಿಗೆ ಅಕ್ರೋಟು, ಗೋಡಂಬಿ, ಶೇಂಗಾ ಯಾವುದೂ ಆಗುವುದಿಲ್ಲ. ಒಂದು ಚೂರು ಹೊಟ್ಟೆಗೆ ಹೋದರೂ ಉಸಿರು ಕಟ್ಟುತ್ತದೆ. ನಾನೋ, ಶೇಂಗಾ ಇಲ್ಲದೆ ಅಡುಗೆಯೇ ಗೊತ್ತಿಲ್ಲದ ಧಾರವಾಡದವಳು. ಆದರೂ ಎರಡು ದಿನ ಮೊದಲೇ ಆ ಡಬ್ಬಿಗಳನ್ನೆಲ್ಲ ಗ್ಯಾರೇಜಿಗೆ ಸಾಗಿಸಿ, ಮಿಕ್ಸರ್ ತೊಳೆದು, ಪ್ರತಿ ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದಿ ಅಡುಗೆ ಮಾಡಿದ್ದೆ. ಅದರ ಬಗ್ಗೆ ಜಂಭ ಬೇರೆ.

“ನಿಮ್ಮನೇಲಿ ಬಿಟ್ರೆ ನಂಗೆ ಟೆನ್ಷನ್ ಇರಲ್ಲ ಕಣೆ,” ಎನ್ನುತ್ತ ಶ್ರುತಿ ಅಲರ್ಜಿ ಇಂಜೆಕ್ಷನ್ನಿನ ಪೆನ್ ಇದ್ದ ಚೀಲ ಕೊಟ್ಟಳು. “ತೊಡೆಗೆ ಒತ್ತಿ ಮೂರು ಎಣಿಸು, ಆಮೇಲೆ 911 ಕಾಲ್ ಮಾಡು. ಬೇಕಾಗಲ್ಲ ಬಿಡು.” ಹೀಗೆ ಹೇಳಿ ಹತ್ತಿರದ ಫ್ಯಾಕ್ಟೋರಿಯಾ ಬಡಾವಣೆಗೆ ಶಾಪಿಂಗಿಗೆ ಹೋದಳು.

ನಾನು ಮರೆತದ್ದು ಒಂದನ್ನೇ. ಪಕ್ಕದ ಮನೆಯ ಹಿರಿಯ ಹೆಂಗಸು ಕೇತೋ ಜಾರ್ಜಿಯಾ ದೇಶದವರು. ಹಿಂದಿನ ಸಂಜೆ ತಮ್ಮೂರ ಸಿಹಿ ಚುರ್ಚ್‌ಖೇಲಾ ಕೊಟ್ಟು ಹೋಗಿದ್ದರು. ಅಕ್ರೋಟನ್ನು ದಾರಕ್ಕೆ ಪೋಣಿಸಿ, ಹಿಟ್ಟು ಹಾಕಿ ಕುದಿಸಿದ ದ್ರಾಕ್ಷಿ ರಸದಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸುತ್ತಾರಂತೆ. ನೋಡಲು ಕಂದು ಬಣ್ಣದ ದಪ್ಪ ಮೇಣದಬತ್ತಿ. ನಮ್ಮಲ್ಲಿ ಮನೆಗೆ ಬಂದ ಸಿಹಿ ಮೊದಲು ದೇವರಿಗೆ. ಹಾಗಾಗಿ ಅತ್ತೆ ಅದನ್ನು ದೇವರ ಮುಂದಿಟ್ಟಿದ್ದರು. ಅಡುಗೆಮನೆಯನ್ನು ಅಷ್ಟು ಜಾಲಾಡಿದ ನಾನು ದೇವರ ಕೋಣೆಗೆ ಇಣುಕಿರಲಿಲ್ಲ.

ಮಂಗಳಾರತಿ ಮುಗಿದದ್ದೇ ನಾನು ಪೂರಿ ಕರಿಯಲು ಓಡಿದೆ. ಒಳಗಿರುವುದು ಅಕ್ರೋಟೆಂದು ತಿಳಿಯದ ಅತ್ತೆ ಆ ಸಿಹಿಯ ದಾರ ಎಳೆದು, ಸಣ್ಣಗೆ ಹೆಚ್ಚಿ ಮಕ್ಕಳಿಗೆ ಹಂಚಿದರು. ಅನ್ವಿ ತನ್ನ ಪಾಲನ್ನು ಅಂಗೈಯಲ್ಲಿ ಹಿಡಿದು ಅಡುಗೆಮನೆ ಬಾಗಿಲಿಗೆ ಬಂದಳು.

“ಆಂಟಿ, ಕ್ಯಾನ್ ಐ ಈಟ್ ದಿಸ್?”

ಬಾಣಲೆಯಿಂದ ನಾನು ಕಣ್ಣೆತ್ತಲಿಲ್ಲ. ಮನೆಯಲ್ಲಿರುವುದೆಲ್ಲ ನಾನೇ ಮಾಡಿದ್ದಲ್ಲವೇ ಎಂಬ ಧೈರ್ಯ. “ತಿನ್ನು ಪುಟ್ಟಿ, ಪ್ರಸಾದ ಅದು,” ಎಂದೆ.

ಸ್ವಲ್ಪ ಹೊತ್ತಿಗೆ ಕೆಮ್ಮು ಕೇಳಿಸಿತು. ಮೊದಲು ಗಮನ ಕೊಡಲಿಲ್ಲ. ಅದು ನಿಲ್ಲದಾದಾಗ ಹೊರಗೆ ಬಂದು ನೋಡಿದರೆ ಅನ್ವಿಯ ತುಟಿ ಊದಿಕೊಂಡು, ಕುತ್ತಿಗೆ ತುಂಬ ಕೆಂಪು ದದ್ದು ಎದ್ದಿದ್ದವು.

“ಅತ್ತಿ, ಆಕಿಗೆ ಏನು ಕೊಟ್ರಿ?”

“ದೇವರ ಮುಂದಿನ ಸಿಹಿ ಕೊಟ್ಟೆವಾ. ಯಾಕ, ಏನಾತು?”

ಶ್ರುತಿ ಕೊಟ್ಟ ಚೀಲಕ್ಕೆ ಓಡಿದೆ. ಹಿಟ್ಟು ಮೆತ್ತಿದ ಬೆರಳಿಗೆ ಚೀಲದ ಜಿಪ್ ಸಿಗುತ್ತಿಲ್ಲ. ಪೆನ್ ಸಿಕ್ಕರೆ ಯಾವ ತುದಿಯಿಂದ ಚುಚ್ಚಬೇಕೆಂದು ತಿಳಿಯುತ್ತಿಲ್ಲ. ಅದರ ಮೇಲಿದ್ದ ಚಿತ್ರ ನೋಡಿ, ಅವಳನ್ನು ಮಡಿಲಿಗೆ ಎಳೆದುಕೊಂಡು, ತೊಡೆಗೆ ಒತ್ತಿ ಮೂರು ಎಣಿಸಿದೆ. ಆಮೇಲೆ 911ಕ್ಕೆ ಫೋನ್ ಮಾಡಿ ವಿಳಾಸ ಹೇಳಿದೆ. ಅನ್ವಿಯ ಎದೆಯಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ನನ್ನ ಮುಖ ನೋಡಿ ಮೆಲ್ಲಗೆ, “ಯೂ ಸೆಡ್ ಓಕೆ,” ಎಂದಳು. ಅತ್ತೆ ಅವಳ ಪಾದ ಉಜ್ಜುತ್ತ ಅಳುತ್ತಿದ್ದರು. ಆಂಬುಲೆನ್ಸ್ ಬರುವವರೆಗಿನ ಆ ಕೆಲವು ನಿಮಿಷ ನಾನು ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ.

ಅನ್ವಿ ಉಳಿದಳು. ಆಸ್ಪತ್ರೆಗೆ ಓಡಿಬಂದ ಶ್ರುತಿ, “ನೀನು ಪೆನ್ ಹಾಕಿದ್ದಕ್ಕೆ ಬದುಕಿದ್ಲು,” ಎಂದು ನನ್ನ ಕೈ ಹಿಡಿದಳು. ನನಗೆ ತಡೆಯಲಾಗಲಿಲ್ಲ. “ನನ್ನ ಕೇಳಿದ್ಲು ಶ್ರುತಿ. ನೋಡದೆ ನಾನೇ ತಿನ್ನು ಅಂದೆ,” ಎಂದುಬಿಟ್ಟೆ. ಅವಳು ಕೈ ಬಿಟ್ಟು ಕಿಟಕಿಯ ಕಡೆ ತಿರುಗಿದಳು.

ಶ್ರುತಿ ಮತ್ತೆ ಅನ್ವಿಯನ್ನು ನಮ್ಮ ಮನೆಗೆ ಕರೆತಂದದ್ದು ಸಂಕ್ರಾಂತಿಗೆ. ಪೂಜೆ ಮುಗಿಸಿ ಅತ್ತೆ ಅವಳ ಕೈಯಲ್ಲಿ ಎರಡು ಹರಳು ಕಲ್ಲುಸಕ್ಕರೆ ಇಟ್ಟರು. ಅನ್ವಿ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. ಈ ಸಲ ಏನೂ ಕೇಳಲಿಲ್ಲ, ಅಂಗೈ ಬಿಚ್ಚಿ ತೋರಿಸಿದಳು. ನಾನು ಒಲೆ ಆರಿಸಿ, ಮೊಣಕಾಲೂರಿ ಕುಳಿತು, ಒಂದೊಂದೇ ಹರಳನ್ನು ಹೊರಳಿಸಿ ನೋಡಿದೆ.

“ಕಲ್ಲುಸಕ್ಕರೆ ಪುಟ್ಟಿ. ಬೇರೇನೂ ಇಲ್ಲ.”

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಬಾಯಿಗೆ ಹಾಕಿಕೊಂಡಳು. ಅದು ಕರಗುವವರೆಗೆ ನಾನು ಅಲ್ಲಿಂದ ಏಳಲಿಲ್ಲ.