ಪಿಸ್ತೂಲಿಗೆ ಹಚ್ಚಿದ ವಿಭೂತಿ

ನಮ್ಮ ಮನೆಯವರ ಕಣ್ಣು ಮಂಜಾಗುತ್ತಿದೆ ಎಂಬುದನ್ನು ಅವರು ಹೇಳಲಿಲ್ಲ, ನಾನೇ ಹಿಡಿದೆ. ವಡಾಲದ ಚಾಳಿನ ನಮ್ಮ ಖೋಲಿಯಲ್ಲಿ ಅವರು ಚಹಾ ಬಗ್ಗಿಸಿಕೊಂಡರೆ ಅರ್ಧ ಕಪ್ಪಿಗೆ, ಅರ್ಧ ನೆಲಕ್ಕೆ. ಕೇಳಿದರೆ, "ಕಪ್ಪ ಸಣ್ಣದೈತಿ" ಎನ್ನುವರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಗುದ್ದಾಡಿ ದವಾಖಾನೆಗೆ ಎಳೆದುಕೊಂಡು ಹೋದೆ. ಡಾಕ್ಟರರು ಪೊರೆ ಎಂದರು; ಇನ್ನೂ ಬಲಿತಿಲ್ಲ, ಬಲಿತ ಮೇಲೆ ತೆಗೆಯೋಣ ಎಂದರು. "ಅದೇನು ಮಾವಿನಕಾಯಿ ಏನ್ರಿ, ಹುಲ್ಲಾಗ ಇಟ್ಟು ಹಣ್ಣ ಮಾಡಾಕ?" ಎಂದು ದಾರಿಯುದ್ದಕ್ಕೂ ಸಿಡಿಮಿಡಿಗುಟ್ಟಿದೆ. ಅವರು ನಗಲಿಲ್ಲ.

ನಗುವ ಮಾತೂ ಆಗಿರಲಿಲ್ಲ. ಬೆಳಗಾವಿ ಕಡೆಯಿಂದ ಪಲ್ಟಣಿಗೆ ಸೇರಿ, ಅದನ್ನು ಮುಗಿಸಿ, ಈಗ ಫೋರ್ಟಿನಲ್ಲಿ ಒಬ್ಬ ಬಂಗಾರದ ಸೇಠನ ಬಳಿ ಕಾವಲಿಗಿದ್ದರು. ಲೈಸೆನ್ಸಿನ ಸ್ವಂತ ಪಿಸ್ತೂಲಿತ್ತು. ಗುಮಾಸ್ತನ ಜೊತೆ ನಡೆದು ಪೇಢಿಯ, ಅಂದರೆ ಸೇಠನ ಅಂಗಡಿಯ, ಹಣದ ಚೀಲವನ್ನು ಬ್ಯಾಂಕಿಗೆ ಮುಟ್ಟಿಸುವುದು ಅವರ ಕೆಲಸ. ದಸರೆ ಮುಗಿದೊಡನೆ ಕಾವಲಿನವರೆಲ್ಲ ಕಾಂದಿವಲಿಯ ಗುಡ್ಡದ ಬುಡದಲ್ಲಿ ಗುರಿ ಹೊಡೆದು ತೋರಿಸಬೇಕೆಂದು ಸೇಠ ಹೊಸ ಹುಕುಂ ಹೊರಡಿಸಿದ್ದ. ತಪ್ಪಿದವನು ಮನೆಗೆ. ಆ ಕೆಲಸ ಬಿಟ್ಟರೆ ಈ ಊರಿನಲ್ಲಿ ನಮಗೇನಿತ್ತು?

ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲು ಒಂದು ಪುಟ್ಟ ಮೊಳೆಯಂಥದ್ದು ಇರುತ್ತದೆ. ಪಲ್ಟಣಿನವರು ಅದಕ್ಕೆ ಮಕ್ಖಿ, ಅಂದರೆ ನೊಣ, ಎನ್ನುತ್ತಾರೆ. ಹಿಂದಿನ ಕಚ್ಚಿನ ನಡುವೆ ಆ ಮಕ್ಖಿಯನ್ನು ಕೂರಿಸಿ ಹೊಡೆಯಬೇಕು. ಮಕ್ಖಿಯೂ ಕಪ್ಪು, ಎದುರಿನ ಗುರಿಯೂ ಕಪ್ಪು. ಪೊರೆ ಬಂದ ಕಣ್ಣಿಗೆ ಎರಡೂ ಬೇರೆಯಾಗಿ ಕಾಣುತ್ತಿರಲಿಲ್ಲ.

ಖಂಡೇನವಮಿಯ ದಿನ ಈಳಿಗೆ, ಕತ್ತರಿ, ಹೊಲಿಗೆ ಮಷಿನ್ನಿನ ಸಾಲಿನಲ್ಲಿ ಗುಂಡು ತೆಗೆದ ಪಿಸ್ತೂಲನ್ನೂ ಇಟ್ಟು ವಿಭೂತಿ ಬಳಿದೆ. ಹಸಿ ವಿಭೂತಿ ಮಕ್ಖಿಗೂ ಮೆತ್ತಿಕೊಂಡಿತು. ಪೂಜೆಯಾದ ಮೇಲೆ ಒರೆಸಲು ಹೋದರೆ ಅವರು ಕಸಿದುಕೊಂಡು ಗೋಡೆಯ ಕಡೆ ಗುರಿ ಹಿಡಿದರು.

"ಏ, ತಡಿ ತಡಿ! ಮಕ್ಖಿ ಕಾಣಾಕ ಹತ್ತೇತಿ!"

ವಿಭೂತಿ ಒಣಗಿದರೆ ಉದುರುತ್ತದೆ. ಪಕ್ಕದ ಖೋಲಿಯ ಪೇಂಟರನಿಂದ ಬಿಳಿ ಬಣ್ಣ ತಂದು ಒಂದು ಚುಕ್ಕಿ ಇಟ್ಟೆ. ಹಿಂದಿನ ಕಚ್ಚನ್ನೂ ಅಗಲ ಮಾಡಬೇಕೆಂದರು. "ನಿಮ್ಮ ಕೈಯಾಗ ಕೊಟ್ರ ಬೆರಳs ತೇಯ್ಕೋತೀರಿ" ಎಂದು ಅರವನ್ನು ನಾನೇ ಹಿಡಿದೆ. ಅವರು ಮೇಲಿಂದ ಮೇಲೆ ಕಿಟಕಿಯ ಕಡೆ ಹಿಡಿದು ನೋಡಿ, "ಇನ್ನೊಂಚೂರು ಉಜ್ಜು. ಮಕ್ಖಿ ಎರಡೂ ಬಾಜೂಕ ಬೆಳಕು ಬರಬೇಕು" ಎನ್ನುತ್ತಿದ್ದರು.

ಕಾಂದಿವಲಿಯಿಂದ ಪೇಢೆಯ ಪೊಟ್ಟಣ ಹಿಡಿದು ಬಂದರು. ಗುಂಡುಗಳೆಲ್ಲ ಗುರಿಗೇ ಬಿದ್ದಿದ್ದವಂತೆ. "ನಿನ್ನ ಕೈಗುಣ" ಎಂದರು. ನಾನು ಹಿಗ್ಗಿ ಹೀರೇಕಾಯಿಯಾದೆ.

ದೀಪಾವಳಿ ಸಮೀಪಿಸಿತು. ನನ್ನನ್ನು ತವರಿಗೆ ಕರೆಯಲು ವಿಜಾಪುರದಿಂದ ತಮ್ಮ ಬಂದ. ನಮ್ಮ ಚಾಳು ಅವನಿಗೆ ಗೊತ್ತಿರಲಿಲ್ಲ. ಪೇಢಿಯ ಗುರುತು ಹಿಡಿದು ಫೋರ್ಟಿಗೇ ಹೋಗಿದ್ದಾನೆ. ಬೀದಿಯಲ್ಲಿ ಎದುರಿಗೆ ಅಕ್ಕನ ಗಂಡ ಬ್ಯಾಂಕಿನ ಚೀಲ ಹಿಡಿದು ಬರುತ್ತಿರುವುದು ಕಂಡಿತು. ಎಷ್ಟೋ ವರ್ಷಗಳ ಮೇಲೆ ಕಂಡ ಹಿರಿಯರು, ನಮ್ಮ ಕಡೆಯ ಹುಡುಗ, ಸುಮ್ಮನೆ ನಿಲ್ಲುತ್ತಾನೆಯೇ? ಓಡಿಬಂದು, ಎರಡೂ ಕೈ ಚಾಚಿ ಕಾಲಿಗೆ ಬಗ್ಗಿದ. ಚೀಲ ತೂಗುತ್ತಿದ್ದದ್ದೂ ಅವರ ಮೊಣಕಾಲ ಹತ್ತಿರವೇ. ಚೀಲಕ್ಕೆ ಕೈ ಹಾಕಿದ ಕಳ್ಳನೆಂದು ಇವರು ಹಿಂದಕ್ಕೆ ಹಾರಿ ಪಿಸ್ತೂಲು ಎತ್ತಿದರು.

"ಮಾಮಾ, ನಾನ್ರಿ!" ಎಂದು ಅವನು ಚೀರಿದ್ದರಿಂದ, ನಮ್ಮ ಕಡೆಯ ಮಾತಿನ ಗುರುತು ಸಿಕ್ಕಿದ್ದರಿಂದ, ಬೆರಳು ನಿಂತಿತು.

ಸಂಜೆ ಊಟಕ್ಕೆ ಕೂತಾಗ ತಮ್ಮ ಇದನ್ನೆಲ್ಲ ನಕ್ಕು ನಕ್ಕು ಹೇಳಿದ. "ಅಕ್ಕಾ, ಮಾಮಾ ಕಾಲಿಗೆ ಬಿದ್ದವಗ ಪಿಸ್ತೂಲ ಹಿಡದ್ರು!" ಇವರ ತಾಟಿನಲ್ಲಿ ಬಡಿಸಿದ್ದು ಬಡಿಸಿದ ಹಾಗೇ ಇತ್ತು. ಕೈ ತೊಳೆಯಲು ತಮ್ಮ ಹೊರಗಿನ ನಲ್ಲಿಗೆ ಹೋದ.

"ನಾಳಿಂದ ಹೋಗಬ್ಯಾಡ್ರಿ" ಎಂದೆ. "ಕೆಲಸ ಹೋದ್ರ ಹೋಗ್ಲಿ. ಅಂಬಲಿ ಕುಡದು ಇರೂಣು."

"ಮಕ್ಖಿ ಛಲೋ ಕಂಡಿತು" ಎಂದರು. "ನೆಟ್ಟಗ ಅವನ ಎದಿ ಮ್ಯಾಲ ಕುಂತಿತ್ತು. ಅದೊಂದs ಕಂಡಿತು ನೋಡು." ತಾಟನ್ನು ಆಚೆ ಸರಿಸಿ, "ನಾಳೆ ಸೇಠಗ ಹೇಳಿ ಬಂದ್ಬಿಡ್ತೀನಿ" ಎಂದರು.

ಪಾಪ, ಗಂಡಸಿನ ದನಿ ಅಷ್ಟು ಸಣ್ಣಗಾಗಿದ್ದನ್ನು ನಾನು ಕೇಳಿರಲಿಲ್ಲ. ಅಷ್ಟರಲ್ಲಿ ತಮ್ಮ ಒಳಗೆ ಬಂದು ಅವರ ಎದುರಿಗೇ, ದೀಪದ ಕೆಳಗೆ, ಮುಖ ಒರೆಸಿಕೊಳ್ಳುತ್ತ ಕೂತ. ಇವರು ಅವನ ಕಡೆ ಒಂದಷ್ಟು ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ಬಾಗಿ, ಅವನಿಗೆ ಕೇಳಿಸದ ಹಾಗೆ ಪಿಸುಗುಟ್ಟಿದರು:

"ಏ, ಅವಗ ಮೀಸಿ ಬಂದಾವೇನ?"

"ಬಂದಾವ್ರಿ" ಎಂದೆ. "ದಪ್ಪ ಮೀಸಿ. ನಮ್ಮಪ್ಪನಂಗ."