ಆಪಾ ಹೊಲಿದ ಹೋರಿ

ಅವರ ಎಡಗೈಯ ತೋರುಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಮಷೀನಿನ ಸೂಜಿ ಬೆರಳನ್ನು ತೂರಿಕೊಂಡು ಹೋಗಿತ್ತಂತೆ. ಗಾಯ ಮಾಯಿತು, ಉಗುರು ಮಾತ್ರ ಕೂಡಿಕೊಳ್ಳಲಿಲ್ಲ. ಎರಡು ಹೋಳಾಗಿಯೇ ಬೆಳೆಯುತ್ತ ಹೋಯಿತು. ಬಟ್ಟೆಯ ಮೇಲೆ ಗುರುತು ಮಾಡಲು ಅವರು ಆ ಉಗುರನ್ನೇ ಎಳೆಯುತ್ತಿದ್ದರು. ಎರಡು ಗೆರೆ ಒಟ್ಟಿಗೇ ಬೀಳುತ್ತಿದ್ದವು. ಒಂದು ಹೊಲಿಗೆಗೆ, ಇನ್ನೊಂದು ಕತ್ತರಿಗೆ.

ಸವಣೂರಿನ ನಮ್ಮ ಓಣಿಯಲ್ಲಿ ಎಲ್ಲರೂ ಅವರನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನಾನು ಸೊಸೆಯಾಗಿ ಬಂದಾಗ ಆ ಗೋಡೆಯಾಚೆಯಿಂದ ಮಷೀನಿನ ಸದ್ದು ಹಗಲೆಲ್ಲ ಕೇಳುತ್ತಿತ್ತು. ಕೆಲವು ದಿನಗಳಲ್ಲಿ ಅದು ಕೇಳಿಸುವುದೇ ನಿಂತುಹೋಯಿತು, ಅಷ್ಟು ರೂಢಿಯಾಯಿತು. ಅವರ ಗಂಡ ಆಟೋಗಳಿಗೆ ಹುಡ್ಡು, ಸೀಟು ಹೊಲಿಯುತ್ತಿದ್ದವರು. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ರೆಕ್ಸಿನ್ ತುಂಡುಗಳ ರಾಶಿ ಉಳಿಯಿತು. ಆಪಾ ಅದರಿಂದ ತಮ್ಮ ತಂಗಿಯ ಮೊಮ್ಮಗಳಿಗೆ ಆನೆಯ ಆಕಾರದ ಒಂದು ಚೀಲ ಹೊಲಿದುಕೊಟ್ಟರು. ಬೆನ್ನಿಗೆ ಜಿಪ್ಪು, ಹೊಟ್ಟೆ ತುಂಬ ಜಾಗ, ಸೊಂಡಿಲೇ ಹಿಡಿಕೆ. ಹುಡುಗಿ ಅದನ್ನು ಶಾಲೆಗೆ ಒಯ್ದಳು. ಮರುದಿನದಿಂದ ತಾಯಂದಿರು ಕೇಳಿಕೊಂಡು ಬರತೊಡಗಿದರು. ಬ್ಲೌಸು, ಫಾಲ್ಸು ಹಿಂದೆ ಬಿದ್ದವು. ಆಮೆ, ಗಿಳಿ, ಮೀನು, ಗೂಬೆ ಮುಂದೆ ಬಂದವು. ಗೊಟಗೋಡಿಯ ಶಿಲ್ಪಗಳನ್ನು ನೋಡಲು ಬರುವ ಮಕ್ಕಳಿಗೆಂದು ಅಲ್ಲಿನ ಅಂಗಡಿಯವನೊಬ್ಬ ಗಂಟು ಕಟ್ಟಿಸಿಕೊಂಡು ಹೋಗುತ್ತಿದ್ದ. ಹುಲಗೂರಿನ ಉರುಸಿಗೆ ಆಪಾ ತಾವೇ ಹೊತ್ತೊಯ್ಯುತ್ತಿದ್ದರು.

ಹೆಚ್ಚು ಮಾತಿನವರಲ್ಲ. ನಗುವುದೂ ಕಡಿಮೆ. ತಾವು ಹೊಲಿದ ಪ್ರಾಣಿಗೆ ಕಣ್ಣನ್ನು ಎಲ್ಲಕ್ಕಿಂತ ಕೊನೆಗೆ ಹಚ್ಚುತ್ತಿದ್ದರು. ಯಾಕೆಂದು ಕೇಳಿದಾಗ, ಮೊದಲೇ ಹಚ್ಚಿದರೆ ಅದು ತಮ್ಮನ್ನೇ ನೋಡುತ್ತ ಕೂರುತ್ತದೆ, ಆಮೇಲೆ ಹೊಟ್ಟೆಗೆ ಸೂಜಿ ಚುಚ್ಚಲು ಮನಸ್ಸು ಬರುವುದಿಲ್ಲ ಎಂದಿದ್ದರು. ಹಾಗಂತ ಕೆಲಸದ ಬಗ್ಗೆ ಅವರಿಗೆ ಮಡಿವಂತಿಕೆಯೇನೂ ಇರಲಿಲ್ಲ. ಹುಬ್ಬಳ್ಳಿಯ ವ್ಯಾಪಾರಿಯೊಬ್ಬ ಟೀವಿಯಲ್ಲಿ ಬರುವ ಬೆಕ್ಕಿನ ಮುಖವೇ ಬೇಕು, ಎಲ್ಲವೂ ಒಂದೇ ಥರ ಇರಬೇಕು ಎಂದಾಗ ಸುಮ್ಮನೆ ಹೊಲಿದುಕೊಟ್ಟರು. ಅವನು ಹೋದ ಮೇಲೆ, ಎಲ್ಲ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತವೆ, ಜಗಳವಾಡುವುದಿಲ್ಲ ಎಂದಷ್ಟೇ ಹೇಳಿದರು.

ನಾನು ಅವರನ್ನು ಹತ್ತಿರದಿಂದ ಅರಿತದ್ದು ಮಾವನವರ ಕಾಯಿಲೆಯಲ್ಲಿ.

ಮಾವನವರದು ಎಲೆಬಳ್ಳಿಯ ತೋಟ. ಆದರೆ ಊರು ಅವರನ್ನು ಗುರುತಿಸುತ್ತಿದ್ದುದು ಹೋರಿಯಿಂದ. ದೀಪಾವಳಿಯ ಸುಮಾರಿಗೆ ಕೊರಳಿಗೆ ಒಣಕೊಬ್ಬರಿ ಸರ ಕಟ್ಟಿ ಜನರ ನಡುವೆ ಓಡಿಸುವ ಹೋರಿ ಅದು. ಬಿಳಿ ಮೈ, ಬೆನ್ನ ಮೇಲೆ ಡುಬ್ಬದಂತೆ ಎದ್ದ ಕಪ್ಪು ಇಣಿ. ಒಬ್ಬರ ಕೈಗೂ ಸಿಗದೆ ಹೋಗುತ್ತಿತ್ತೆಂದು ಈಗಲೂ ಹೇಳುವವರಿದ್ದಾರೆ. ವಯಸ್ಸಾಗಿ ಅದು ಸತ್ತ ಮೇಲೆ ಮಾವನವರು ಮತ್ತೊಂದನ್ನು ಕಟ್ಟಲಿಲ್ಲ. ದಿನವೂ ಮುಂಜಾನೆ ಎಲೆ ಪೇಟೆಯ ಚಹದಂಗಡಿಗೆ ಹೋಗಿ, ಕೂತು, ಮಾತಾಡಿ ಬರುತ್ತಿದ್ದರು.

ಮೂತ್ರ ಕಟ್ಟಿಕೊಂಡು ಆಪರೇಶನ್ ಆಯಿತು. ಅದು ಪೂರ್ತಿ ಗುಣವಾಗಲಿಲ್ಲ. ನಳಿಗೆ ಹಾಕಿ, ಅದಕ್ಕೊಂದು ಪ್ಲಾಸ್ಟಿಕ್ ಚೀಲ ಜೋಡಿಸಿ, ಇನ್ನು ಇದು ಕಾಯಂ ಎಂದು ಹೇಳಿ ಡಾಕ್ಟರು ಮನೆಗೆ ಕಳಿಸಿದರು. ಚೀಲ ಯಾವಾಗಲೂ ಸೊಂಟದ ಕೆಳಗೇ ಇರಬೇಕು, ತುಂಬುವ ಮೊದಲೇ ಖಾಲಿ ಮಾಡಬೇಕು. ಮಾವನವರು ಒಳಕೋಣೆ ಸೇರಿದರು. ಚಹದಂಗಡಿಗೆ ಹೋಗುವುದು ನಿಂತಿತು. ಯಾರಾದರೂ ಮಾತಾಡಿಸಲು ಬಂದರೆ ಮಲಗಿದ್ದಾರೆಂದು ಹೇಳಿಸುತ್ತಿದ್ದರು. ಚೀಲ ಖಾಲಿ ಮಾಡಲು ನನ್ನನ್ನು ಹತ್ತಿರ ಬಿಡುತ್ತಿರಲಿಲ್ಲ. ನನ್ನ ಗಂಡ ಮುಂಜಾನೆ ಹೋದರೆ ಸಂಜೆಗೇ ಬರುವವರು. ಅಲ್ಲಿಯವರೆಗೆ ಚೀಲ ತುಂಬಬಾರದಲ್ಲ. ಅದಕ್ಕೆ ಮಾವನವರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಇದು ನಮಗೆ ತಿಳಿದದ್ದು ಜ್ವರ ಏರಿ, ಮೂತ್ರ ಕೆಂಪಾಗಿ, ಮತ್ತೆ ದವಾಖಾನೆಗೆ ಒಯ್ದ ಮೇಲೆ. ಹೀಗೇ ಮಾಡಿದರೆ ಮನುಷ್ಯ ಉಳಿಯುವುದಿಲ್ಲ ಎಂದು ಡಾಕ್ಟರು ನನ್ನ ಮುಂದೆಯೇ ಹೇಳಿದರು. ಮಾವನವರು ಗೋಡೆ ನೋಡುತ್ತಿದ್ದರು.

ಬ್ಲೌಸು ತರಲು ಹೋದಾಗ ಇದನ್ನೆಲ್ಲ ಆಪಾ ಎದುರು ಹೇಳಿಕೊಂಡೆ. ಅವರು ಸಮಾಧಾನದ ಮಾತು ಆಡಲಿಲ್ಲ. ನಳಿಗೆ ಎಷ್ಟು ಉದ್ದ, ಚೀಲ ತುಂಬಿದಾಗ ಯಾವ ಕಡೆ ಉಬ್ಬುತ್ತದೆ, ಖಾಲಿ ಮಾಡುವ ಬಾಯಿ ಎಲ್ಲಿದೆ ಎಂದು ಕೇಳಿದರು. ಆಮೇಲೆ, “ತಂಗಿ, ಒಂದ ಹೊಸಾ ಚೀಲ ತಂದ ಕೊಡು,” ಎಂದರು.

ಕೆಲವು ದಿನ ಬಿಟ್ಟು ಒಂದು ಮಧ್ಯಾಹ್ನ ಟವೆಲಿನಲ್ಲಿ ಏನನ್ನೋ ಸುತ್ತಿಕೊಂಡು ಬಂದು, ನೇರ ಒಳಕೋಣೆಗೆ ನಡೆದರು. ಮಾವನವರು ಗಡಿಬಿಡಿಯಿಂದ ಚಾದರ ಎಳೆದುಕೊಂಡರು. ಆಪಾ ಟವೆಲು ಬಿಚ್ಚಿದರು. ಹೋರಿ. ಬಿಳಿ ಕ್ಯಾನ್ವಾಸಿನ ಮೈ, ಕಪ್ಪು ಮಖಮಲ್ಲಿನ ಇಣಿ, ಕೊಂಬಿಗೆ ಕೆಂಪು ಗೊಂಡೆ. ಒಳಗೆ ಮೂತ್ರದ ಚೀಲ ಕೂರುವಷ್ಟು ಜಾಗ, ಅದಕ್ಕೆ ರೆಕ್ಸಿನ್ ಅಸ್ತರು. ಹೆಗಲಿನಿಂದ ಮೊಣಕಾಲಿನವರೆಗೆ ಇಳಿಯುವ ಉದ್ದನೆಯ ಪಟ್ಟಿ. ಪಕ್ಕೆಯ ಮಡಿಕೆಯೊಳಗಿನಿಂದ ನಳಿಗೆ ಒಳಗೆ ಹೋಗಬೇಕು. ಖಾಲಿ ಮಾಡುವ ಬಾಯಿ ಹೋರಿಯ ಹಿಂಗಾಲುಗಳ ನಡುವೆ ಹೊರಬರುವಂತೆ ಒಂದು ಕಿಂಡಿ.

ಮಾವನವರು ಅದನ್ನು ನೋಡಿದರು. ಅವರ ಮುಖ ಬಿಗಿಯಿತು. ಅವಮಾನವಾಯಿತೇನೋ ಎಂದು ನಾನು ಹೆದರಿದೆ.

ಆಪಾ ನಿಂತಲ್ಲೇ ಹೇಳಿದರು: “ಕಾಕಾ, ನಿಮ್ಮ ಹೋರಿ ನಮ್ಮ ಬಾಗಲದಾಗ ಎಷ್ಟ ಸಲ ಉಚ್ಚಿ ಹೊಯ್ದೈತಿ. ಯಾರರ ನಕ್ಕಾರೇನ್ರಿ?”

ಮಾವನವರು ಚಾದರದೊಳಗಿನಿಂದ ಕೈ ಚಾಚಿ ಹೋರಿಯನ್ನು ಎಳೆದುಕೊಂಡರು. ಕೊಂಬು ಮುಟ್ಟಿ ನೋಡಿದರು.

“ಕೋಡು ಹಿಂಗ ಇದ್ದಿದ್ದಿಲ್ಲ, ಯವ್ವಾ. ಇನ್ನಷ್ಟ ಒಳಗ ಬಾಗಿದ್ವು.”

ಆಪಾ ಅಲ್ಲೇ ನೆಲದ ಮೇಲೆ ಕೂತರು, ಸೊಂಟದ ಚೀಲದಿಂದ ಸೂಜಿ ದಾರ ತೆಗೆದರು, ಕೊಂಬಿನ ಹೊಲಿಗೆ ಬಿಚ್ಚಿದರು. ಇಷ್ಟಾ, ಇನ್ನಷ್ಟಾ ಎಂದು ಅವರು ಬಾಗಿಸಿ ತೋರಿಸುವುದು, ಸಾಕು ಸಾಕು ಎಂದು ಇವರು ಹೇಳುವುದು. ಎಷ್ಟೋ ದಿನಗಳ ಮೇಲೆ ಮಾವನವರ ದನಿ ಪಡಸಾಲೆಯವರೆಗೆ ಕೇಳಿಸಿತು. ನಾನು ತಂಬಿಗೆಯಲ್ಲಿ ನೀರು ತಂದು ಇಟ್ಟೆ. ಮಾತಿನ ನಡುವೆ ಮಾವನವರು ಅದನ್ನು ಕುಡಿದರು.

ಮರುವಾರ ಧೋತರದ ಮೇಲೆ ಹೋರಿ ಇಳಿಬಿಟ್ಟುಕೊಂಡು ಪೇಟೆಗೆ ಹೋದರು. ಜನ ಏನೆಂದರೋ ನನಗೆ ಗೊತ್ತಿಲ್ಲ. ಒಬ್ಬಿಬ್ಬರು ನಕ್ಕಿರಲೂಬಹುದು. ಆದರೆ ತಿರುಗಿ ಬಂದಾಗ, ಇಣಿ ಇನ್ನೂ ದೊಡ್ಡದಿತ್ತೆಂದು ಚಹದಂಗಡಿಯವನು ವಾದಿಸಿದ, ಅವನಿಗೇನು ಗೊತ್ತು ಎಂದು ಊಟದ ತನಕ ಬೈಯುತ್ತಿದ್ದರು. ಅಂದಿನಿಂದ ಚೀಲ ತುಂಬಿದರೆ ಕೋಣೆಯಿಂದ ಕರೆಯುತ್ತಿದ್ದರು: “ಹೋರಿಗೆ ಹೊತ್ತಾತು, ನೋಡವಾ.” ನಾನು ಹೋಗಿ ಖಾಲಿ ಮಾಡುತ್ತಿದ್ದೆ. ಮಾವ-ಸೊಸೆ ಆಡಿಕೊಳ್ಳಬಹುದಾದ ಒಂದು ಮಾತು ನಮಗೆ ಹಾಗೆ ಸಿಕ್ಕಿತು. ಅದಿಲ್ಲದಿದ್ದರೆ ಅವರು ಬಾಯಾರಿ ಸಾಯುತ್ತಿದ್ದರು ಎನ್ನುವುದು ಉತ್ಪ್ರೇಕ್ಷೆಯಲ್ಲ. ಆಮೇಲೆ ಕೆಲವು ವರ್ಷ ಬದುಕಿದರು, ಸಾಯುವಾಗ ಹೃದಯ ನಿಂತು ಸತ್ತರು.

ಅಂಥ ಚೀಲಗಳನ್ನು ಆಪಾ ಇನ್ನೂ ಕೆಲವು ಹೊಲಿದರು. ದವಾಖಾನೆಯ ನರ್ಸೊಬ್ಬಳ ಮೂಲಕ ಜನ ಕೇಳಿಕೊಂಡು ಬರುತ್ತಿದ್ದರು. ಅವು ಯಾರಿಗೆ, ಯಾವ ಕಾಯಿಲೆಗೆ ಎಂದು ಆಪಾ ನನಗೆ ಒಮ್ಮೆಯೂ ಹೇಳಲಿಲ್ಲ. ಗೋಡೆಗೆ ತೂಗುಬಿಟ್ಟ ಮಕ್ಕಳ ಚೀಲಗಳ ಜೊತೆ ಅವನ್ನು ಇಡುತ್ತಲೂ ಇರಲಿಲ್ಲ.

ಹೋದ ವರ್ಷ ಅವರಿಗೆ ಲಕ್ವಾ ಹೊಡೆದು ಬಲಭಾಗ ಬಿದ್ದುಹೋಯಿತು. ನೋಡಿಕೊಳ್ಳಲು ಹಿರೇಕೆರೂರಿನಿಂದ ತಂಗಿಯ ಮಗಳು ಬಂದಳು. ಅವಳೊಬ್ಬಳಿಂದ ಆಗದೆ ನಾನೂ ಹೋಗತೊಡಗಿದೆ. ಮೊದಲ ದಿನ ಅರಿವೆ ಬದಲಿಸಲು ಹೋದರೆ ಆಪಾ ಎಡಗೈಯಿಂದ ನನ್ನನ್ನು ತಳ್ಳಿದರು. ಮಾತು ಹೊರಡುತ್ತಿರಲಿಲ್ಲ; ಕಣ್ಣು ಮುಚ್ಚಿಕೊಂಡರು. ನನಗೆ ಹೊಲಿಗೆ ಬಾರದು, ಅವರ ಹಾಗೆ ಒಂದೇ ಮಾತಿನಲ್ಲಿ ಮುಗಿಸುವ ಜಾಣತನವೂ ಇಲ್ಲ. ಏನು ಮಾಡಬೇಕೋ ತಿಳಿಯದೆ ಹಾಸಿಗೆಯ ಪಕ್ಕ ಕೂತು ಸಂತೆಯ ಸುದ್ದಿ ಹೇಳತೊಡಗಿದೆ. ಬದನೆಕಾಯಿಯಲ್ಲಿ ಹುಳ, ಎಲೆಯ ದರ ಬಿದ್ದದ್ದು, ಖಾರದ ಅಂಗಡಿಯಲ್ಲಿ ನಡೆದ ಜಗಳ. ಬಹಳ ಹೊತ್ತು ಹೇಳಿದೆ. ಹೇಳಲು ಏನೂ ಉಳಿಯದೆ ನಾನು ಸುಮ್ಮನಾದಾಗ ಅವರು ಕಣ್ಣು ತೆರೆದರು, ತೋಳಿನಿಂದ ಕುಪ್ಪಸ ಬಿಡಿಸಲೆಂದು ಎಡಗೈಯನ್ನು ತಾವಾಗಿಯೇ ಎತ್ತಿ ಕೊಟ್ಟರು.

ಬಕ್ರೀದಿಗೆ ಮುಂಚೆ ತೀರಿಕೊಂಡರು. ಅಲ್ಲಿಯವರೆಗೆ ದಿನವೂ ಕೈ ಎತ್ತಿಕೊಡುತ್ತಿದ್ದರು, ನಾನು ಏನಾದರೊಂದು ಹೇಳುತ್ತಿದ್ದೆ.